ಟ್ಯಾಂಕಿನ ಗೋಡೆಯ ಬಸರಿ

ಆಗಲ್ಲ ಅಂದವಳು ನನ್ನ ದೊಡ್ಡಮ್ಮ. ಬೇರೆಯವರೂ ಅಂದಿರಬಹುದು, ಅವರ ಮಾತು ನನಗೆ ನೆನಪಿಲ್ಲ. ದೊಡ್ಡಮ್ಮ ಅಂದದ್ದು ನೆನಪಿದೆ, ಯಾಕೆಂದರೆ ಅದೇ ಮಾತನ್ನು ಅವಳು ಎರಡು ಸಲ ಅಂದಳು. ಮೊದಲನೆಯ ಸಲ, ನಾನು ಡಿಗ್ರಿಗೆ ಸೇರುತ್ತೇನೆ ಅಂದಾಗ.

"ನಮ್ಮಲ್ಲಿ ಯಾರೂ ಕಾಲೇಜ್ ಮೆಟ್ಲು ತುಳಿದೋರಲ್ಲ. ನಿನ್ ಕೈಲಿ ಆಗಾಕಿಲ್ಲ, ಸುಮ್ಕಿರು."

ಎರಡನೆಯ ಸಲ, ಅದೆಲ್ಲ ಮುಗಿದು ಎಷ್ಟೋ ವರ್ಷದ ಮೇಲೆ, ಬೋನ್ಸಾಯ್ ಕಲಿಯುತ್ತೇನೆ ಅಂದಾಗ. ಬೋನ್ಸಾಯ್ ಅಂದರೆ ಏನು ಅಂತ ಕೇಳಿದಳು. ಕುಂಡದಲ್ಲಿ ಮರವನ್ನು ಚಿಕ್ಕದಾಗಿಯೇ ಇಟ್ಟು ಬೆಳೆಸುವುದು ಅಂದೆ.

"ಮರ ಅಂದ್ಮ್ಯಾಕೆ ಬೆಳೀಬೇಕು. ಬೆಳೀದಂಗೆ ಕಾಯೋದೂ ಒಂದ್ ವಿದ್ಯೇನಾ? ಆಗಾಕಿಲ್ಲ ಬುಡು."

ಎರಡು ಸಲವೂ ಅವಳು ಸಿಟ್ಟಿನಿಂದ ಹೇಳಲಿಲ್ಲ. ಮೋಡ ನೋಡಿ ಇವತ್ತು ಮಳೆ ಇಲ್ಲ ಅನ್ನುವ ಹಾಗೆ ಹೇಳಿ, ಕೈಯಲ್ಲಿದ್ದ ಕೆಲಸಕ್ಕೆ ತಿರುಗಿದಳು.

ನನ್ನ ತಾಯಿ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಳು. ಅವಳ ಅಕ್ಕ, ಮಕ್ಕಳಿಲ್ಲದ ಈ ದೊಡ್ಡಮ್ಮ, ನನ್ನನ್ನು ಸರ್ಜಾಪುರದ ಆಚೆಯ ತನ್ನ ಮನೆಗೆ ಕರೆದುಕೊಂಡು ಹೋಗಿ ಸಾಕಿದಳು. ಅವಳದ್ದು ಸಸಿ ಬೆಳೆಸುವ ಕೆಲಸ. ಬೇರೆಯವರ ಜಮೀನಿನಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ ಬೀಜ ಚೆಲ್ಲಿ, ಗೇಣುದ್ದ ಬಂದ ಮೇಲೆ ಕಿತ್ತು ರೈತರಿಗೆ ಕೊಡುವುದು. ಸ್ಕೂಲಿಗೆ ಹೋಗುವ ಮುಂಚೆ ನಾನು ಅವಳ ಜೊತೆ ಕೂತು ಸಸಿ ಆರಿಸುತ್ತಿದ್ದೆ. ನೇರವಾಗಿ ನಿಂತದ್ದು, ಹಸಿರಾಗಿ ಹೊಳೆಯುವುದು ಬುಟ್ಟಿಗೆ. ಸೊಟ್ಟಗಿದ್ದದ್ದು, ಬುಡದಲ್ಲೇ ಕವಲೊಡೆದದ್ದು ಬದುವಿನ ಮೇಲೆ. ಈ ಲೆಕ್ಕ ನನ್ನ ಬೆರಳಿಗೇ ಹತ್ತಿಬಿಟ್ಟಿತ್ತು. ಮುಂದೆ ಅದೇ ನನ್ನನ್ನು ಎಡವಿಸಿತು.

ಸಸಿ ಆರಿಸಿ, ಕೈ ತೊಳೆದು, ಬಸ್ಸಿಗೆ ನೇತಾಡಿಕೊಂಡು ಸರ್ಕಾರಿ ಕಾಲೇಜಿಗೆ ಹೋಗಿ ಬಿಎಸ್ಸಿ ಮಾಡಿದೆ. ಸಸ್ಯಶಾಸ್ತ್ರ ನನ್ನ ಮುಖ್ಯ ವಿಷಯ. ರಸಾಯನಶಾಸ್ತ್ರ ಒಂದು ಸಲ ಕೈಕೊಟ್ಟಿತು, ಮತ್ತೆ ಕಟ್ಟಿ ಪಾಸು ಮಾಡಿದೆ. ನಮ್ಮ ಎರಡೂ ಕಡೆಯ ನೆಂಟರಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಡಿಗ್ರಿ ಕೈಗೆ ಬಂದ ದಿನ ಯಾವ ಸಮಾರಂಭವೂ ಇರಲಿಲ್ಲ. ಕಾಲೇಜಿನ ಕಚೇರಿಯ ಕಿಟಕಿಯಿಂದ ಗುಮಾಸ್ತರು ಪದವಿ ಪತ್ರವನ್ನು ಹೊರಗೆ ತಳ್ಳಿದರು, ನಾನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಬಂದೆ. ದೊಡ್ಡಮ್ಮ ಕೈ ಒರೆಸಿಕೊಂಡು ಅದನ್ನು ಮುಟ್ಟಿ ನೋಡಿದಳು.

"ಇದ ತೋರ್ಸಿದ್ರೆ ಕೆಲ್ಸ ಕೊಡ್ತಾರಾ?"

"ಕೊಡ್ತಾರೆ ದೊಡ್ಡಮ್ಮ."

ಕೊಟ್ಟರು. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ ಸರ್ಕ್ಯೂಟ್ ಬೋರ್ಡುಗಳನ್ನು ಭೂತಗನ್ನಡಿಯ ಕೆಳಗೆ ಹಿಡಿದು, ಬೆಸುಗೆ ಬಿಟ್ಟಿದೆಯಾ ನೋಡುವ ಕೆಲಸ. ಮೂರು ವರ್ಷ ಓದಿದ್ದರಲ್ಲಿ ಭೂತಗನ್ನಡಿ ಹಿಡಿಯುವುದು ಮಾತ್ರ ಉಪಯೋಗಕ್ಕೆ ಬಂತು. ದೊಡ್ಡಮ್ಮ ಸಸಿ ಬೆಳೆಸುತ್ತಿದ್ದ ಜಮೀನನ್ನು ಮಾಲೀಕರು ಲೇಔಟ್ ಮಾಡಿ ಸೈಟು ಹಾಕಿದ ಮೇಲೆ ಅವಳೂ ನನ್ನ ಜೊತೆಗೆ ಬಂದಳು. ಸಿಂಗಸಂದ್ರದಲ್ಲಿ ಒಂದು ಮನೆಯ ಮೇಲುಗಡೆ ಒಂದು ರೂಮು, ಒಂದು ಅಡುಗೆಮನೆ, ಹೊರಗೆ ಬಂದರೆ ತಾರಸಿ. ಹೊಸೂರು ರಸ್ತೆಯ ಮೇಲೆ ಫ್ಲೈಓವರ್ ಕಟ್ಟುತ್ತಿದ್ದ ಕಾಲ. ಒಗೆದು ಹಾಕಿದ ಬಟ್ಟೆ ಒಣಗುವಷ್ಟರಲ್ಲಿ ಬೂದಿ ಬಣ್ಣಕ್ಕೆ ಬರುತ್ತಿತ್ತು.

ನನಗೆ ಬೀಳುತ್ತಿದ್ದದ್ದು ಹೆಚ್ಚಾಗಿ ರಾತ್ರಿ ಪಾಳಿ. ಮೊದಮೊದಲು ಸರದಿಯ ಪ್ರಕಾರ ಅಂದರು, ಆಮೇಲೆ ಮದುವೆಯಾದವರಿಗೆ, ಮಕ್ಕಳಿರುವವರಿಗೆ ಹಗಲು ಕೊಡಬೇಕು, ನಿಮಗೇನು ಅಂದರು. ಬೆಳಿಗ್ಗೆ ಮನೆಗೆ ಬಂದು ಮಲಗಿದರೆ ರಸ್ತೆಯಲ್ಲಿ ಕಾಂಕ್ರೀಟ್ ಲಾರಿ, ಕೆಳಗೆ ಓನರ್ ಮನೆಯ ಮಿಕ್ಸಿ. ಕಣ್ಣು ಮುಚ್ಚಿದರೂ ಬೋರ್ಡಿನ ಹಸಿರು ಬೆಳ್ಳಿ ಚುಕ್ಕಿಗಳು ಓಡಾಡುತ್ತಿದ್ದವು. ವರ್ಷಗಳು ಹೋದ ಹಾಗೆ ನನಗೆ ಬೇರೆ ಯಾವ ಆಸೆಯೂ ಉಳಿಯಲಿಲ್ಲ. ರಾತ್ರಿ ಹೊತ್ತು ಮಲಗಬೇಕು, ಅಷ್ಟೇ.

ದಾರಿ ಸಿಕ್ಕಿದ್ದು ಕಾರ್ಖಾನೆಯ ರಿಸೆಪ್ಷನ್ನಿನಲ್ಲಿ. ಅಲ್ಲಿ ಗಾಜಿನ ಮೇಜಿನ ಮೇಲೆ ಒಂದು ಬೋನ್ಸಾಯ್ ಇರುತ್ತಿತ್ತು. ಗಾರ್ಡನ್ ಕಾಂಟ್ರಾಕ್ಟರ್ ಒಬ್ಬರು ಅದನ್ನು ಬಾಡಿಗೆಗೆ ಇಡುತ್ತಿದ್ದರು. ಏಸಿಯಲ್ಲಿ ಒಣಗಿದರೆ ಇನ್ನೊಂದು ತಂದಿಡುತ್ತಿದ್ದರು. ಒಂದು ದಿನ ಬೆಳಿಗ್ಗೆ ನಾನು ಪಾಳಿ ಮುಗಿಸಿ ಹೊರಡುವಾಗ ಅವರು ಒಣಗಿದ ಜುನಿಪರ್ ಗಿಡವನ್ನು ಎತ್ತಿಸುತ್ತಿದ್ದರು. ನಿದ್ದೆಗಣ್ಣಿನಲ್ಲಿ ನನ್ನ ಬಾಯಿಂದ ಮಾತು ಬಂದುಬಿಟ್ಟಿತು.

"ಅದು ಬಿಸಿಲಿನ ಗಿಡ ಸಾರ್. ಒಳಗಿಟ್ರೆ ಇನ್ನೊಂದೂ ಹೀಗೇ ಹೋಗುತ್ತೆ."

ಅವರು ನನ್ನ ನೀಲಿ ಕೋಟು, ಕೊರಳಿನ ಐಡಿ ಕಾರ್ಡು ನೋಡಿದರು. "ನಿಮಗ್ ಹೆಂಗ್ ಗೊತ್ತು?"

"ಬಾಟನಿ ಬಿಎಸ್ಸಿ ಸಾರ್."

"ಬಿಎಸ್ಸಿ ಮಾಡ್ಕೊಂಡು ಇಲ್ಲೇನ್ ಮಾಡ್ತಿದೀರಾ?"

ಅವರೇ ಮುಂದುವರಿಸಿದರು. ವೈಟ್‌ಫೀಲ್ಡ್ ಕಡೆಯ ಟೆಕ್ ಪಾರ್ಕುಗಳಲ್ಲಿ ಅವರ ಗಿಡಗಳಿದ್ದವು, ನೋಡಿಕೊಳ್ಳುವವರು ಬೇಕಾಗಿತ್ತು. "ಡಿಗ್ರಿ ಸರಿ ಮೇಡಂ. ಆದ್ರೆ ಕೈಯಲ್ಲಿ ಮಾಡಿರ್ಬೇಕು. ಹೂಡೀಲಿ ಒಬ್ರು ಮೇಡಂ ಸಂಡೇ ಕ್ಲಾಸ್ ಮಾಡ್ತಾರೆ, ಒಂದ್ ವರ್ಷದ್ದು. ಅವ್ರ ಸರ್ಟಿಫಿಕೇಟ್ ತಗೊಂಡ್ಬನ್ನಿ, ಕೆಲಸ ನಿಮ್ದೇ. ಬರೀ ಡೇ. ಗಿಡಕ್ಕೆ ನೈಟ್ ಶಿಫ್ಟ್ ಇಲ್ಲ."

ಅವರು ಕೊನೆಯ ಮಾತನ್ನು ತಮಾಷೆಗೆ ಹೇಳಿದರು. ನಾನು ಅದನ್ನೇ ಹಿಡಿದುಕೊಂಡು ಮನೆಗೆ ಬಂದೆ.

ಹೂಡಿಯ ಮೇಡಂ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಅಪಾರ್ಟ್‌ಮೆಂಟುಗಳ ನಡುವೆ ಉಳಿದ ಹಳೆಯ ಮನೆ, ಅದರ ತಾರಸಿಯ ತುಂಬ ಕುಂಡಗಳು. ಮೊಣಕಾಲೆತ್ತರದ ಆಲ, ಬಿಳಲು ಸಮೇತ. ಅಂಗೈಯಗಲದ ಕುಂಡದಲ್ಲಿ ಹುಣಸೆ. ನಮ್ಮ ತರಗತಿಯಲ್ಲಿ ಹೆಚ್ಚಿನವರು ಕಾರಿನಲ್ಲಿ ಬರುವವರು. ನಾನು ಶನಿವಾರದ ರಾತ್ರಿ ಪಾಳಿ ಮುಗಿಸಿ, ಸಿಲ್ಕ್ ಬೋರ್ಡಿನಲ್ಲಿ ಬಸ್ಸು ಬದಲಿಸಿ, ಮಾರತಹಳ್ಳಿಯಲ್ಲಿ ಮತ್ತೆ ಬದಲಿಸಿ ಹೋಗುತ್ತಿದ್ದೆ. ಕೂತರೆ ನಿದ್ದೆ ಬರುತ್ತದೆ ಅಂತ ಗೋಡೆಗೆ ಒರಗಿ ನಿಂತೇ ಪಾಠ ಕೇಳುತ್ತಿದ್ದೆ.

ಮೊದಲನೆಯ ದಿನವೇ ಮೇಡಂ ನಿಯಮ ಹೇಳಿದರು. ಗಿಡವನ್ನು ನೀವೇ ಆರಿಸಿ ತರಬೇಕು. ಬೇರು ಕತ್ತರಿಸಿ ಚಪ್ಪಟೆ ಕುಂಡಕ್ಕೆ ಕೂರಿಸಬೇಕು. ವರ್ಷದ ಕೊನೆಗೆ ಅದೇ ಗಿಡ ಜೀವಂತವಾಗಿ, ಹೊಸ ಎಲೆ ಬಿಟ್ಟುಕೊಂಡು ಇಲ್ಲಿಗೆ ಬರಬೇಕು. ಗಿಡ ಬರದಿದ್ದರೆ ಸರ್ಟಿಫಿಕೇಟ್ ಇಲ್ಲ, ಒಂದು ಕ್ಲಾಸೂ ತಪ್ಪಿಸದಿದ್ದರೂ ಇಲ್ಲ.

"ಹೊಸಬರು ಸೋಲೋದು ನೀರಲ್ಲಲ್ಲ, ಕತ್ತರೀಲೂ ಅಲ್ಲ. ಆರಿಸೋದ್ರಲ್ಲಿ. ಮುಂದಿನ ವಾರ ಒಂದೊಂದು ಗಿಡ ತನ್ನಿ, ನೋಡೋಣ."

ವಾರದ ಮಧ್ಯದಲ್ಲಿ ಬಿಡುವು ಸಿಕ್ಕ ದಿನ ನಾನು, ದೊಡ್ಡಮ್ಮ ಸರ್ಜಾಪುರ ರಸ್ತೆಯ ನರ್ಸರಿಗಳಿಗೆ ಹೋದೆವು. ಆಗಲ್ಲ ಅಂದವಳು ಯಾಕೆ ಬಂದಳು ಅಂತ ಕೇಳಬಾರದು. ಗಿಡ ಆರಿಸಬೇಕು ಅಂದದ್ದಕ್ಕೆ ಚಪ್ಪಲಿ ಮೆಟ್ಟಿಕೊಂಡಳು. ನರ್ಸರಿಯವನು ಮೂಲೆಯಲ್ಲಿದ್ದ ಗಂಟು ಗಂಟು ಕಾಂಡದ ಕಾಗದದ ಹೂವಿನ ಗಿಡವೊಂದನ್ನು ತೋರಿಸಿದ. ಅದು ಬುಡದಲ್ಲೇ ಮೂರು ಕವಲಾಗಿ ಒಂದು ಪಕ್ಕಕ್ಕೆ ಬಿದ್ದುಕೊಂಡಿತ್ತು.

"ಇಂಥದ್ದ ದುಡ್ ಕೊಟ್ಟು ತಗೋತಾರೇನಪ್ಪ? ತಿಪ್ಪೇಲಿ ಸಿಕ್ತದೆ," ಅಂದಳು ದೊಡ್ಡಮ್ಮ.

ನನಗೂ ಹಾಗೇ ಅನ್ನಿಸಿತು. ಇಬ್ಬರೂ ಸಾಲು ಸಾಲು ನೋಡಿಕೊಂಡು ಹೋಗಿ ಒಂದು ಸಂಪಿಗೆ ಸಸಿ ಆರಿಸಿದೆವು. ಗಳುವಿನ ಹಾಗೆ ನೇರ. ಎದೆಮಟ್ಟ. ಅಂಗೈಗಿಂತ ದೊಡ್ಡ ಎಲೆ, ಒಂದಕ್ಕೂ ಹುಳ ಬಿದ್ದಿರಲಿಲ್ಲ. ದೊಡ್ಡಮ್ಮ ಅದರ ಕಾಂಡವನ್ನು ಕೆಳಗಿನಿಂದ ಮೇಲಿನವರೆಗೆ ಎರಡು ಬೆರಳಲ್ಲಿ ಸವರಿ, "ಇದು ಗಿಡ," ಅಂದಳು.

ಭಾನುವಾರ ಆ ಸಂಪಿಗೆಯನ್ನು ಬಸ್ಸಿನಲ್ಲಿ ನಿಲ್ಲಿಸಿಕೊಂಡು ಹೋಗಿ ಮೇಡಂ ಮುಂದೆ ಇಟ್ಟೆ. ಅವರು ಎಲೆಯ ಕಡೆಗೆ ನೋಡಲೇ ಇಲ್ಲ. ಕೂತು, ಬುಡದ ಮಣ್ಣನ್ನು ಬೆರಳಿನಿಂದ ಕೆದಕಿದರು.

"ಬೇರೆಲ್ಲಮ್ಮ?"

"ಕೆಳಗಿದೆ ಮೇಡಂ."

"ಮೇಲೆ ಕಾಣ್ಬೇಕು. ಮರದ ಬುಡ ನೆಲ ಹಿಡ್ಕೊಂಡಿರೋದು ಕಾಣ್ಬೇಕು. ಇಲ್ಲಿ ನೋಡಿ, ಬುಡ ಎಷ್ಟು ದಪ್ಪ ಇದೆಯೋ ತಲೆಯೂ ಅಷ್ಟೇ ದಪ್ಪ. ಕೆಳಗೆ ಒಂದು ಕೊಂಬೆ ಇಲ್ಲ. ಕತ್ತರಿಸಿದ್ರೆ ಕೋಲು ಉಳಿಯುತ್ತೆ. ಎಲೆ ನೋಡಿ, ಊಟಕ್ಕೆ ಹಾಕ್ಬಹುದು. ಒಂದಡಿ ಮರಕ್ಕೆ ಇಂಥ ಎಲೆ ಇದ್ರೆ ಹೇಗಿರುತ್ತೆ?"

ಯಾರೋ ನಕ್ಕರು. ನಕ್ಕವರೂ ಗಿಡ ಆರಿಸುವುದರಲ್ಲಿ ನನ್ನ ಹಾಗೇ ಇದ್ದರು. ಒಬ್ಬರು ಅಂಗಡಿಯಿಂದ ಜುನಿಪರ್ ತಂದಿದ್ದರು, ಆಫೀಸಿನ ಟೇಬಲ್ ಮೇಲಿಡುತ್ತೇನೆ ಅಂದರು. ಈ ಊರಿನ ಏಸಿಯೊಳಗೆ ಅದು ಬದುಕಲ್ಲ, ಸತ್ತ ಮೇಲೂ ಒಂದು ತಿಂಗಳು ಹಸಿರಾಗೇ ಇದ್ದು ಮೋಸ ಮಾಡುತ್ತದೆ ಅಂದರು ಮೇಡಂ. ಆಮೇಲೆ ಎಲ್ಲರಿಗೂ ಸೇರಿಸಿ ಹೇಳಿದರು. ಹೊಸಬರು ಹಟಮಾರಿ ಗಿಡ ಹಿಡಿಯಬೇಕು. ತಪ್ಪು ಮಾಡಿದರೂ ಸಾಯದ್ದು, ಕಡಿದಷ್ಟೂ ಚಿಗುರುವುದು, ಎಲೆ ಚಿಕ್ಕದಾಗುವುದು. ಆಲ, ಗೋಣಿ, ಬಸರಿ, ಆ ಜಾತಿಯ ಯಾವುದಾದರೂ ಆದೀತು. ಕಾಗದದ ಹೂವು ಆದೀತು. ಹುಣಸೆ, ದಾಳಿಂಬೆ, ಜೇಡ್ ಗಿಡವೂ ಆದೀತು. "ಎತ್ತರ ನೋಡ್ಬೇಡಿ. ಎತ್ತರಾನ ಕತ್ತರಿಸೋಕೆ ಒಂದು ನಿಮಿಷ. ಬುಡ ದಪ್ಪ ಆಗೋಕೆ ವರ್ಷಗಟ್ಟಲೆ ಬೇಕು. ನಿಮಗಿರೋದು ಒಂದೇ ವರ್ಷ. ಅದಕ್ಕೆ ಬುಡ ಇರೋದನ್ನೇ ಹುಡುಕಿ."

ವಾಪಸು ಬರುವ ಬಸ್ಸಿನಲ್ಲಿ ಸಂಪಿಗೆಯ ತುದಿ ಬಾಗಿಲಿಗೆ ಸಿಕ್ಕಿ ಮುರಿಯಿತು. ಮನೆಗೆ ಬಂದು ದೊಡ್ಡಮ್ಮನಿಗೆ ಹೇಳಿದೆ, ನಾವು ಬದುವಿನ ಮೇಲೆ ಎಸೆಯುತ್ತಿದ್ದದ್ದನ್ನು ಹುಡುಕಬೇಕಂತೆ. ಅವಳು ಸಂಪಿಗೆಯ ಮುರಿದ ತುದಿಯನ್ನು ಚಿವುಟಿ ತೆಗೆದಳು. "ಅಂಗಾದ್ರೆ ನಾ ಆರ್ಸಿದ್ದು ತಪ್ಪಾಯ್ತಾ?" ಅಂದಳು. ಇಲ್ಲ, ನಾನೂ ಅದನ್ನೇ ಆರಿಸಿದ್ದೆನಲ್ಲ ಅಂದೆ. ಓನರ್ ಮನೆಯವರು ಅದನ್ನು ಗೇಟಿನ ಪಕ್ಕ ನೆಟ್ಟುಕೊಂಡರು. ಈಗ ಮೊದಲನೆಯ ಅಂತಸ್ತಿನ ಕಿಟಕಿ ದಾಟಿದೆ.

ಬುಡ ಇರುವ ಗಿಡ ಹುಡುಕುವುದು ಸುಲಭವಾಗಲಿಲ್ಲ. ನರ್ಸರಿಗಳಲ್ಲಿ ಎಲ್ಲವೂ ಬೇಗ ಬೇಗ ಎತ್ತರಕ್ಕೆ ಎಳೆದ ಗಿಡಗಳೇ. ಮೊದಲು ನೋಡಿದ್ದ ಆ ಕಾಗದದ ಹೂವನ್ನು ಯಾರೋ ಒಯ್ದಿದ್ದರು. ಪಾಳಿ ಮುಗಿಸಿ ನರ್ಸರಿ ಸುತ್ತುವುದು, ಬಗ್ಗಿ ಬಗ್ಗಿ ಬುಡ ನೋಡುವುದು, ಬರಿಗೈಯಲ್ಲಿ ಬಂದು ಊಟ ಮಾಡದೆ ಮಲಗುವುದು. ಎರಡು ಭಾನುವಾರ ಕುಂಡವಿಲ್ಲದೆ ತರಗತಿಗೆ ಹೋದೆ.

ಕೊನೆಗೆ ಗಿಡ ಸಿಕ್ಕಿದ್ದು ನಾನು ದಿನವೂ ಬಟ್ಟೆ ಒಣಹಾಕುವ ಜಾಗದಲ್ಲಿ. ತಾರಸಿಯಲ್ಲಿ ನೀರಿನ ಟ್ಯಾಂಕಿಗೆ ಇಟ್ಟಿಗೆಯ ಕಟ್ಟೆ. ನೀರು ತುಂಬಿ ಚೆಲ್ಲುವ ಪೈಪಿನ ಕೆಳಗೆ, ಗಾರೆ ಬಿರುಕಿನಲ್ಲಿ ಒಂದು ಗಿಡ ಬಹಳ ಕಾಲದಿಂದ ಇತ್ತು. ಒದ್ದೆ ಟವೆಲ್ ಹಿಂಡುತ್ತಾ ನಿಂತಿದ್ದ ನನಗೆ ಅವತ್ತು ಅದರ ಎಲೆ ಕಾಣದೆ ಬುಡ ಕಂಡಿತು. ನನ್ನ ಮುಂಗೈಯಷ್ಟು ದಪ್ಪ. ಬೇರುಗಳು ಹಕ್ಕಿಯ ಕಾಲಿನ ಹಾಗೆ ಇಟ್ಟಿಗೆಯನ್ನು ಹಿಡಿದುಕೊಂಡಿದ್ದವು. ಎತ್ತರ ಮೊಣಕಾಲಿಗೂ ಬರುತ್ತಿರಲಿಲ್ಲ, ಯಾಕೆಂದರೆ ಓನರ್ ಮನೆಯವರು ಪ್ರತಿ ವರ್ಷ ಯುಗಾದಿಗೆ ಸುಣ್ಣ ಬಣ್ಣ ಮಾಡಿಸುವಾಗ ಅದನ್ನು ಕಡಿಸುತ್ತಿದ್ದರು.

ಕಡಿಸುತ್ತಿದ್ದರು, ಕೀಳಿಸುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಓನರ್ ಆಂಟಿ ಸಿಂಗಸಂದ್ರದ ಹಳೆಯ ಮನೆತನದವರು, ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈ ಬಾಡಿಗೆ ಮನೆಗಳು ಎದ್ದದ್ದು. ನಾನು ಗಿಡ ಕೇಳಿದ ಕೂಡಲೇ ಅವರು ಮೆಟ್ಟಿಲ ಮೇಲೇ ನಿಂತುಬಿಟ್ಟರು.

"ಅರಳಿ ಕಣಮ್ಮ ಅದು. ಮೇಲ್ಗಡೆ ಕಡಿಯೋದೇ ಅರಿಶಿನ ಕುಂಕುಮ ಇಟ್ಟು, ತಪ್ಪಾಯ್ತು ಅಂತ ಕೈಮುಗಿದು ಕಡಿಸ್ತೀವಿ. ಬುಡ ಕಿತ್ತರೆ ಮನೆಗೆ ಆಗ್ಬರಲ್ಲ. ನಮ್ಮತ್ತೆ ಇದ್ದಾಗಿಂದ್ಲೂ ಹಂಗೇ."

ದೊಡ್ಡಮ್ಮನೂ ಅವರ ಕಡೆಗೇ ಸೇರಿದಳು. "ಅರಳಿ ಮರಾನ ಕುಂಡದಾಗೆ ಕೂರ್ಸಿ ಕತ್ತರಿ ಆಕ್ತೀಯಾ? ಸುತ್ತು ಆಕೋ ಮರ ಕಣೇ ಅದು. ಬ್ಯಾಡ. ಮೊದ್ಲೇ ಆಗಾಕಿಲ್ಲ ಅಂದಿದ್ದೆ."

ನಾನು ಗೋಡೆಯ ಹತ್ತಿರ ಹೋಗಿ ಕೂತೆ. ವರ್ಷ ವರ್ಷ ಕಡಿದ ಗಿಡದ ಎಲೆ ಒಂದೊಂದು ಒಂದೊಂದು ಥರ ಇರುತ್ತದೆ, ದೂರದಿಂದ ನೋಡಿದವರಿಗೆ ಅರಳಿ ಅನ್ನಿಸಿದರೆ ತಪ್ಪಿಲ್ಲ. ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿದೆ. ಬುಡದ ಹತ್ತಿರ ಹೃದಯದಾಕಾರ ಇರಲಿಲ್ಲ, ಉದ್ದಕ್ಕಿತ್ತು. ತುದಿ ಚಿಕ್ಕದಾಗಿ ಮುಗಿದಿತ್ತು. ಕಾಲೇಜಿನಲ್ಲಿ ಒಣಗಿಸಿ ಹಾಳೆಗೆ ಅಂಟಿಸಿದ ಎಲೆಗಳು, ಅವುಗಳ ಕೆಳಗೆ ಬರೆದ ಹೆಸರುಗಳು ಎಷ್ಟೋ ವರ್ಷದ ಮೇಲೆ ಒಂದೊಂದಾಗಿ ಮೇಲೆ ಬಂದವು. ಎದ್ದು ಹೋಗಿ, ಸಿಂಗಸಂದ್ರದ ಹಳೇ ಊರಿನ ಅರಳಿಕಟ್ಟೆಯ ಕೆಳಗೆ ಬಿದ್ದಿದ್ದ ಎಲೆಯೊಂದನ್ನು ತಂದೆ. ಎರಡನ್ನೂ ಓನರ್ ಆಂಟಿಯ ಅಂಗೈ ಮೇಲೆ ಪಕ್ಕ ಪಕ್ಕ ಇಟ್ಟೆ.

"ಇದು ಕಟ್ಟೆ ಮರದ್ದು ಆಂಟಿ. ಬಾಲ ನೋಡಿ, ಬೆರಳುದ್ದ ಇದೆ. ಇದು ನಿಮ್ಮ ಗೋಡೇದು. ಇದಕ್ಕೆ ಬಾಲ ಎಲ್ಲಿದೆ? ಇದು ಬಸರಿ. ಅರಳಿ ಅಲ್ಲ."

ಅವರು ಎಲೆಯ ತುದಿಯನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿದರು. ತಿರುಗಿಸಿ ನೋಡಿದರು. ಇನ್ನೂ ನಾಲ್ಕು ಎಲೆ ಕೀಳಿಸಿ ನೋಡಿದರು.

"ಹಂಗಾದ್ರೆ ಇಷ್ಟ್ ವರ್ಷ ನಾವು ಅರಿಶಿನ ಕುಂಕುಮ ಇಟ್ಟಿದ್ದು ಬಸರಿಗಾ?"

"ಇಟ್ಟಿದ್ದೇನ್ ದಂಡ ಆಗಾಕಿಲ್ಲ ಬುಡವ್ವ," ಅಂದಳು ದೊಡ್ಡಮ್ಮ. "ಅದೂ ಮರಾನೇ."

ಆಂಟಿ ನಕ್ಕುಬಿಟ್ಟರು. ಆದರೂ ಕೀಳುವ ಮುಂಚೆ ಕೊನೆಯ ಸಲ ಅರಿಶಿನ ಕುಂಕುಮ ಇಟ್ಟರು, ಯಾವುದಕ್ಕೂ ಇರಲಿ ಅಂತ. ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ನಾನು ಉಳಿ ಹಿಡಿದೆ, ದೊಡ್ಡಮ್ಮ ಸುತ್ತಿಗೆಯಲ್ಲಿ ಬಡಿದಳು. ಎರಡು ಇಟ್ಟಿಗೆ ಹೋಯಿತು, ಬೇರು ಉಳಿಯಿತು. ದೊಡ್ಡಮ್ಮನೇ ಸಿಮೆಂಟು ಕಲಸಿ ಬಿರುಕು ಮುಚ್ಚಿದಳು.

ಕೆಲಸ ಮುಗಿದ ಮೇಲೆ ಅವಳು ಮೆಟ್ಟಿಲ ಮೇಲೆ ಕೂತು ಕೇಳಿದಳು, "ಎಲೆ ನೋಡಿ ಮರ ಯಾವ್ದು ಅಂತ ಏಳೋದ ಕಾಲೇಜ್ನಾಗೆ ಕಲಿಸ್ತಾರಾ?"

"ಹೂಂ."

"ಉಂ," ಅಂದಳು.

ಹೂಡಿಯಲ್ಲಿ ಮೇಡಂ ಬುಡದ ಮಣ್ಣು ಕೆದಕಬೇಕಾಗಿರಲಿಲ್ಲ. ಸುತ್ತ ಒಂದು ಪ್ರದಕ್ಷಿಣೆ ಬಂದು ನೋಡಿದರು. "ಎಲ್ಲಿ ಸಿಕ್ತು ಇದು? ವರ್ಷ ವರ್ಷ ಕಡಿದಿದ್ದಾರೆ. ಅದಕ್ಕೇ ಇಷ್ಟು ಬುಡ ಬಂದಿರೋದು," ಅಂದರು. ತರಗತಿಯಲ್ಲಿ ಒಬ್ಬರು ಅದನ್ನು ಬರೆದುಕೊಂಡರು, ಬದುಕಿಗೂ ಅನ್ವಯಿಸುತ್ತದೆ ಅಂದರು. ನನಗೆ ಹಾಗೇನೂ ಅನ್ನಿಸಲಿಲ್ಲ. ಕಡಿಸಿಕೊಳ್ಳುವುದು ಯಾರಿಗೂ ಹಿತವಲ್ಲ. ಮಾರತಹಳ್ಳಿಯ ಬಸ್ಸು ತಪ್ಪುತ್ತದೆ ಅನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಮಳೆಗಾಲ ಪೂರ್ತಿ ಬಸರಿ ಒಡೆದ ಪ್ಲಾಸ್ಟಿಕ್ ಟಬ್ಬಿನಲ್ಲಿ ಬೆಳೆಯಿತು, ಚೆನ್ನಾಗಿಯೇ ಚಿಗುರಿತು. ಚಳಿ ಕಳೆದ ಮೇಲೆ ಮೇಡಂ ಹೇಳಿಕೊಟ್ಟ ಹಾಗೆ ಅದನ್ನು ಎತ್ತಿ, ದಪ್ಪ ಬೇರು ಕತ್ತರಿಸಿ, ಚಪ್ಪಟೆ ಕುಂಡದಲ್ಲಿ ಇಟ್ಟಿಗೆ ಚೂರು, ಮರಳು, ಒಂದಿಷ್ಟು ಕೆಂಪು ಮಣ್ಣು ಬೆರೆಸಿ ಕೂರಿಸಿದೆ. ದೊಡ್ಡಮ್ಮ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು.

"ಗೊಬ್ರ ಎಲ್ಲಿ?"

"ಈಗ ಬೇಡವಂತೆ."

"ಬೇರ್ ಕತ್ತರ್ಸಿ, ಜಲ್ಲಿ ಆಕಿ, ಗೊಬ್ರಾನೂ ಬ್ಯಾಡ. ಗಿಡ ನೆಡ್ತಿದ್ದೀಯೋ ಮನೆ ಕಟ್ತಿದ್ದೀಯೋ?"

ಆ ಬೇಸಿಗೆ ಬೇಗ ಬಂತು. ಬೋರ್‌ವೆಲ್ ನಿಂತು ಟ್ಯಾಂಕರ್ ನೀರು ಬರಲು ಶುರುವಾಯಿತು, ಅದೂ ದಿನ ಬಿಟ್ಟು ದಿನ. ಕಾರ್ಖಾನೆಯಲ್ಲಿ ಹೊಸ ಆರ್ಡರ್ ಬಂದಿದೆ ಅಂತ ರಾತ್ರಿ ಪಾಳಿಯ ಮೇಲೆ ಇನ್ನೂ ಎರಡು ಗಂಟೆ ಕೂರಿಸುತ್ತಿದ್ದರು. ಕುಂಡಕ್ಕೆ ಕೂರಿಸಿ ಸ್ವಲ್ಪ ದಿನಕ್ಕೇ ಬಸರಿಯ ಎಲೆ ಹಳದಿಯಾಯಿತು. ಒಂದು ಬೆಳಿಗ್ಗೆ ಬಂದು ನೋಡಿದರೆ ಒಂದು ಎಲೆಯೂ ಇಲ್ಲ. ಬೋಳು ಕೊಂಬೆ, ಅದರ ಮೇಲೆ ಫ್ಲೈಓವರಿನ ಧೂಳು.

"ಓಯ್ತು," ಅಂದಳು ದೊಡ್ಡಮ್ಮ.

ಬಸರಿ ವರ್ಷಕ್ಕೊಮ್ಮೆ ಎಲೆ ಉದುರಿಸುವ ಮರ, ಅದು ನನಗೆ ಗೊತ್ತಿತ್ತು. ಆದರೆ ಬೇರು ಕತ್ತರಿಸಿದ ಮೇಲೆ ಉದುರಿಸಿದರೆ ಎಲೆ ಬದಲಿಸುತ್ತಿದೆಯೋ, ಸಾಯುತ್ತಿದೆಯೋ ಹೇಗೆ ಹೇಳುವುದು? ಉಗುರಿನಿಂದ ತೊಗಟೆ ಕೆರೆದು ನೋಡಿದೆ. ಒಳಗೆ ಹಸಿರಿತ್ತು. ಜುನಿಪರ್ ಕೂಡ ಸತ್ತ ಮೇಲೆ ಹಸಿರಾಗಿರುತ್ತದೆ ಅಂದಿದ್ದರಲ್ಲ ಅಂತ ಮತ್ತೆ ಭಯವಾಯಿತು. ಅದೇ ವಾರ ಕಾಂಟ್ರಾಕ್ಟರ್ ಫೋನ್ ಮಾಡಿದರು. "ಏನ್ ಮೇಡಂ, ಸರ್ಟಿಫಿಕೇಟ್ ಬರುತ್ತೋ ಇಲ್ವೋ? ಬೇರೆಯವರು ಕೇಳ್ತಿದಾರೆ. ಯುಗಾದಿ ಆದ್ಮೇಲೆ ಒಂದ್ ತಿಂಗಳು ಕಾಯ್ತೀನಿ, ಅಷ್ಟೇ." ಆಯ್ತು ಸಾರ್ ಅಂದೆ. ಫೋನ್ ಇಟ್ಟು ಬೋಳು ಗಿಡದ ಮುಂದೆ ಕೂತೆ. ಇದು ಹೋದರೆ ಇನ್ನೊಂದು ವರ್ಷ ಹೂಡಿಗೆ ಹೋಗುವ ಶಕ್ತಿ ನನ್ನಲ್ಲಿ ಇರಲಿಲ್ಲ. ಅಳು ಬರಲಿಲ್ಲ. ಕೂತಲ್ಲೇ ನಿದ್ದೆ ಬಂತು.

ಎಚ್ಚರವಾದಾಗ ಮಧ್ಯಾಹ್ನದ ಬಿಸಿಲು ತಲೆಯ ಮೇಲಿರಬೇಕಿತ್ತು, ಇರಲಿಲ್ಲ. ನನ್ನ ಮೇಲೂ ಕುಂಡದ ಮೇಲೂ ಗೋಣಿಚೀಲದ ನೆರಳು. ದೊಡ್ಡಮ್ಮ ಬಟ್ಟೆ ಒಣಹಾಕುವ ತಂತಿಗೆ ಹಳೆಯ ಅಕ್ಕಿ ಚೀಲಗಳನ್ನು ಬಿಚ್ಚಿ ಕಟ್ಟಿದ್ದಳು. ಕಿತ್ತು ನೆಟ್ಟ ಸಸಿ ತಲೆ ಎತ್ತುವವರೆಗೆ ಅವಳು ಹೊಲದಲ್ಲಿ ಹೀಗೇ ಚಪ್ಪರ ಹಾಕುತ್ತಿದ್ದಳು. ಪಕ್ಕದಲ್ಲಿ ಅಕ್ಕಿ ತೊಳೆದ ನೀರಿನ ಪಾತ್ರೆ ಇಟ್ಟುಕೊಂಡು, ಅಂಗೈ ಅದ್ದಿ, ಬೋಳು ಕೊಂಬೆಗಳ ಮೇಲೆ ಬೆರಳಿನಿಂದ ಚಿಮುಕಿಸುತ್ತಿದ್ದಳು.

"ಓಯ್ತು ಅಂದ್ಯಲ್ಲ ದೊಡ್ಡಮ್ಮ."

"ಓಗೇ ಅದೆ. ಅಂಗಂತ ನೀರ್ ಆಕ್ಬಾರ್ದಾ?"

ಅಲ್ಲಿಂದ ಮುಂದೆ ನಾನು ಹಗಲು ಮಲಗಿದ್ದಾಗ ಗಿಡ ಅವಳ ಕೈಯಲ್ಲಿತ್ತು. ಬೆಳಿಗ್ಗೆ ಬಿಸಿಲಿಗೆ ಚೀಲ ಸರಿಸುವುದು, ಹೊತ್ತೇರಿದರೆ ಎಳೆಯುವುದು, ನೀರು ಚಿಮುಕಿಸುವುದು. ಪ್ರತಿ ದಿನವೂ ಆಗಾಕಿಲ್ಲ ಅನ್ನುತ್ತಲೇ ಮಾಡುತ್ತಿದ್ದಳು. ಯುಗಾದಿ ಹತ್ತಿರ ಬಂದು, ಆಂಟಿ ಸುಣ್ಣ ಹೊಡೆಯುವವರನ್ನು ಕರೆಸಿದ ಬೆಳಿಗ್ಗೆ, ನಾನು ಗೇಟು ತೆಗೆಯುವಾಗಲೇ ದೊಡ್ಡಮ್ಮ ಮೇಲಿನಿಂದ ಬಗ್ಗಿ, "ಬಂದು ನೋಡು," ಅಂದಳು. ಕೊಂಬೆಯ ತುದಿಗಳಲ್ಲಿ ತಾಮ್ರದ ಬಣ್ಣದ ಮೊನೆಗಳು, ಅಕ್ಕಿ ಕಾಳಿಗಿಂತ ಸಣ್ಣವು. ನಾನು ಬ್ಯಾಗು ಕೆಳಗಿಡದೆ ನೋಡುತ್ತಾ ನಿಂತೆ. ಈ ವರ್ಷ ಗೋಡೆಯಲ್ಲಿ ಕಡಿಯಲು ಏನೂ ಇರಲಿಲ್ಲ.

ಕೊನೆಯ ತರಗತಿಗೆ ದೊಡ್ಡಮ್ಮ ನನ್ನ ಜೊತೆ ಬಂದಳು. ನೂಕುನುಗ್ಗಲಿನಲ್ಲಿ ಕುಂಡ ಹಿಡಿಯಲು ಇನ್ನೊಬ್ಬರು ಬೇಕಿತ್ತು. ಸಿಲ್ಕ್ ಬೋರ್ಡಿನಲ್ಲಿ ಅವಳಿಗೆ ಹೆಂಗಸರ ಸೀಟು ಸಿಕ್ಕಿತು. ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಸೆರಗನ್ನು ಎಲೆಗಳ ಮೇಲೆ ಹೊದಿಸಿ ಕೂತಳು. ಕಂಡಕ್ಟರ್ ಬಂದು ಬಗ್ಗಿ ನೋಡಿದ.

"ಏನಜ್ಜಿ, ಮಗೂನಾ?"

"ಮರ ಕಣಪ್ಪ."

"ಮರಕ್ಕೂ ಟಿಕೆಟ್ ತಗೋಬೇಕು ಅಜ್ಜಿ."

"ಕುಳ್ಳಗದೆ, ಅರ್ಧ ಟಿಕೀಟ್ ಕೊಡು."

ಸುತ್ತಲಿದ್ದವರು ನಕ್ಕರು. ಅವನು ಟಿಕೆಟ್ ಕೊಡದೆ ಮುಂದೆ ಹೋದ. ನಾನು ಕಂಬ ಹಿಡಿದು ನಿಂತು ಕಣ್ಣು ಮುಚ್ಚಿಕೊಂಡೆ.

ಹೂಡಿಯ ತಾರಸಿಯಲ್ಲಿ ಎಲ್ಲರ ಗಿಡಗಳನ್ನೂ ಉದ್ದದ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ಶುರುವಿನಲ್ಲಿ ಇದ್ದಷ್ಟು ಇರಲಿಲ್ಲ. ಮೇಡಂ ಒಂದೊಂದನ್ನೂ ತಿರುಗಿಸಿ ನೋಡುತ್ತಾ ಬಂದರು. ನನ್ನ ಬಸರಿಯ ಮುಂದೆ ನಿಂತು, ಬುಡ ಹಿಡಿದು ಮೆಲ್ಲಗೆ ಅಲುಗಿಸಿದರು. ಅಲುಗಲಿಲ್ಲ. ಹೊಸ ಎಲೆಯೊಂದನ್ನು ಹೆಬ್ಬೆರಳಿನಿಂದ ಅಳೆದರು. ಗೋಡೆಯಲ್ಲಿದ್ದಾಗಿನ ಎಲೆಯ ಅರ್ಧಕ್ಕಿಂತ ಚಿಕ್ಕದು.

"ಬೇಸಿಗೇಲಿ ಯಾರ್ ನೋಡ್ಕೊಂಡ್ರು?" ಅಂತ ಕೇಳಿದರು.

ನಾನು ದೊಡ್ಡಮ್ಮನ ಕಡೆ ತೋರಿಸಿದೆ. ಮೇಡಂ ಅವಳಿಗೆ ಕೈಮುಗಿದರು. ದೊಡ್ಡಮ್ಮ ಏನು ಮಾಡಬೇಕೋ ತಿಳಿಯದೆ ಸೆರಗು ಸರಿ ಮಾಡಿಕೊಂಡಳು. ಆಮೇಲೆ ಮೇಡಂ ನನ್ನ ಹೆಸರು ಕರೆದು, ಡಿಗ್ರಿಯನ್ನೂ ಸೇರಿಸಿ ಬಿಎಸ್ಸಿ ಅಂತ ಓದಿ, ಸರ್ಟಿಫಿಕೇಟನ್ನು ಎರಡೂ ಕೈಯಿಂದ ಕೊಟ್ಟರು. ನಾನು ಎರಡೂ ಕೈಯಿಂದ ತೆಗೆದುಕೊಂಡೆ. ಕಿಟಕಿಯಿಂದ ತಳ್ಳಿದ್ದಲ್ಲ, ಎಲ್ಲರ ಮುಂದೆ ಕೊಟ್ಟದ್ದು. ಅದು ನನಗೆ ಬೇಕಾಗಿತ್ತು ಅಂತ ಅವತ್ತಿನವರೆಗೆ ನನಗೇ ಗೊತ್ತಿರಲಿಲ್ಲ.

ಅದನ್ನು ದೊಡ್ಡಮ್ಮನ ಕೈಗೆ ಕೊಟ್ಟೆ. ಅವಳಿಗೆ ಓದಲು ಬರುವುದಿಲ್ಲ. "ನಿನ್ನೆಸ್ರು ಎಲ್ಲದೆ?" ಅಂದಳು. ತೋರಿಸಿದೆ. ಆ ಜಾಗದ ಮೇಲೆ ಬೆರಳಿಟ್ಟು ಸವರಿದಳು. ಆಮೇಲೆ ಕಾಗದದಿಂದ ತಲೆಯೆತ್ತಿ ನನ್ನ ಮುಖ ನೋಡಿದಳು.

"ಆಯ್ತಲ್ಲ. ಇನ್ನಾದ್ರೂ ರಾತ್ರೆ ವೊತ್ತು ಮನೇಲಿ ಮನಿಕ್ಕೊ ಮಗ."